ಹೋಟೆಲ್ ಅಲ್ಲ, ಕೋಣೆ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿದೇಶದ ಹಳೆಯ ಊರುಗಳಲ್ಲಿರುವ ಬುಟೀಕ್ ಹೋಟೆಲ್‌ಗಳಲ್ಲಿ, ಅಂದರೆ ಕೆಲವೇ ಕೋಣೆಗಳ ಸಣ್ಣ ಹೋಟೆಲ್‌ಗಳಲ್ಲಿ, ಉಳಿದುಕೊಳ್ಳುವ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಟ್ರಾವೆಲ್ ಏಜೆಂಟ್ ಅಲ್ಲ. ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವ ಆರ್ಕಿಟೆಕ್ಟ್. ಹಾಗಾಗಿ ಯಾವ ಹೋಟೆಲ್ ಅಗ್ಗ, ಯಾವುದಕ್ಕೆ ಎಷ್ಟು ಸ್ಟಾರ್ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಹತ್ತು ಊರಿನ ಹೆಸರು ಹೇಳುವುದಕ್ಕೂ ಹೋಗುವುದಿಲ್ಲ. ಒಂದೇ ಊರು ಸಾಕು. ಮೆಡಿಟರೇನಿಯನ್ ಸಮುದ್ರದಲ್ಲಿ, ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ ಮಾಲ್ಟಾ ಅನ್ನುವ ಪುಟ್ಟ ದೇಶವಿದೆ. ಅದರ ರಾಜಧಾನಿ ವಲೆಟ್ಟಾ. ಇಡೀ ಊರು ಒಂದು ಚದರ ಕಿಲೋಮೀಟರೂ ಇಲ್ಲ.

ಹೇಳುವ ಮಾತೂ ಒಂದೇ. ಹೋಟೆಲ್ ಬುಕ್ ಮಾಡಬೇಡಿ, ಕೋಣೆ ಬುಕ್ ಮಾಡಿ.

ಈಗ ರೇಡಿಯೋ ಹಾಕಿಕೊಂಡು ಕೂತಿರುವವರು ಯಾರು ಅಂತ ನಾನು ಊಹಿಸಬಲ್ಲೆ. ನೀವು ರಿಟೈರ್ ಆಗಿದ್ದೀರಿ. ಮಗನೋ ಮಗಳೋ ಯುರೋಪಿನಲ್ಲಿ ಕೆಲಸದಲ್ಲಿದ್ದಾರೆ. "ಅಮ್ಮಾ, ಈ ಸಲ ಬಂದುಬಿಡಿ" ಅಂತ ಕರೆದಿದ್ದಾರೆ. ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಬಂದಿದೆ. ಕಲ್ಲಿನ ಕಮಾನು, ಬಿಳೀ ಹಾಸಿಗೆ, ಮೂಲೆಯಲ್ಲಿ ಒಂದು ಹಳದಿ ದೀಪ. "ಚೆನ್ನಾಗಿದೆ ಅಲ್ವಾ?" ಅಂತ ಕೇಳಿದ್ದಾರೆ. ನೀವು "ತುಂಬಾ ಚೆನ್ನಾಗಿದೆ ಮಗಾ" ಅಂದಿದ್ದೀರಿ. ಅಲ್ಲೇ ಇರುವುದು ಎಡವಟ್ಟು. ಆ ಫೋಟೋದಲ್ಲಿರುವುದು ಆ ಹೋಟೆಲಿನ ಒಂದು ಕೋಣೆ. ನಿಮಗೆ ಸಿಗುವುದು ಇನ್ನೊಂದು.

ದೊಡ್ಡ ಹೋಟೆಲ್‌ಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ 302ಕ್ಕೂ 502ಕ್ಕೂ ವ್ಯತ್ಯಾಸ ಇರುವುದಿಲ್ಲ. ಬುಟೀಕ್ ಹೋಟೆಲ್ ಅಂದರೆ ಹಾಗಲ್ಲ. ಅದು ಯಾರದೋ ಮನೆಯಾಗಿತ್ತು. ಮನೆಯಲ್ಲಿ ಪಡಸಾಲೆ ಇರುತ್ತದೆ, ಉಗ್ರಾಣ ಇರುತ್ತದೆ, ಆಳುಗಳ ಕೋಣೆ ಇರುತ್ತದೆ. ಈಗ ಎಲ್ಲದಕ್ಕೂ ಹಾಸಿಗೆ ಹಾಕಿ, ನಂಬರ್ ಬರೆದು, ಬಾಡಿಗೆಗೆ ಬಿಟ್ಟಿದ್ದಾರೆ. ನಿಮಗೆ ಪಡಸಾಲೆ ಬೇಕೋ ಉಗ್ರಾಣ ಬೇಕೋ? ಅದನ್ನು ಕೇಳಬೇಕಾದವರು ನೀವೇ.

ವಲೆಟ್ಟಾದ ಮನೆ ಹೇಗೆ ಹುಟ್ಟಿತು ಅಂತ ಸ್ವಲ್ಪ ಹೇಳುತ್ತೇನೆ. 1565ರಲ್ಲಿ ಆಟೊಮನ್ ತುರ್ಕರು ಮಾಲ್ಟಾಕ್ಕೆ ಮುತ್ತಿಗೆ ಹಾಕಿದರು. ಸೇಂಟ್ ಜಾನ್ ಪಂಗಡದ ನೈಟ್‌ಗಳು, ಅಂದರೆ ಕ್ರೈಸ್ತ ಯೋಧರು, ಊರಿನ ಜನರ ಜೊತೆ ಸೇರಿ ತಡೆದುಕೊಂಡರು. ಮುತ್ತಿಗೆ ಮುಗಿದ ಮರುವರ್ಷವೇ, 1566ರ ಮಾರ್ಚ್‌ನಲ್ಲಿ, ಅವರ ಮುಖ್ಯಸ್ಥ ಲಾ ವಲೆಟ್ ಹೊಸ ಊರಿಗೆ ಅಡಿಗಲ್ಲು ಹಾಕಿಸಿದ. ಅವನ ಹೆಸರೇ ಊರಿಗೆ ಬಂತು. ನಕ್ಷೆ ಬರೆದವನು ಇಟಲಿಯ ಲಾಪರೆಲ್ಲಿ. ಮುಂದುವರಿಸಿದವನು ಮಾಲ್ಟಾದವನೇ ಆದ ಜೆರೊಲಾಮೊ ಕಸಾರ್. ಬೀದಿಗಳೆಲ್ಲ ನೂಲು ಹಿಡಿದ ಹಾಗೆ ನೇರ. ಆದರೆ ಊರು ಕೂತಿರುವುದು ಗುಡ್ಡದ ಬೆನ್ನಿನ ಮೇಲೆ. ಗುಡ್ಡವನ್ನು ತರಿದು ಸಮ ಮಾಡಬೇಕು ಅಂತಿತ್ತು. ತುರ್ಕರು ಮತ್ತೆ ಬಂದರೆ ಅನ್ನುವ ಭಯದಲ್ಲಿ ಅಷ್ಟು ಪುರುಸೊತ್ತು ಯಾರಿಗಿತ್ತು? ಹಾಗಾಗಿ ಎಷ್ಟೋ ಬೀದಿಗಳು ಇವತ್ತಿಗೂ ಬರೀ ಮೆಟ್ಟಿಲು. ಮಂಡಿ ನೋವಿರುವವರು ಇದನ್ನು ಈಗಲೇ ಬರೆದಿಟ್ಟುಕೊಳ್ಳಿ. ಬೀದಿಯ ಹೆಸರು ಕೇಳಿ, ಅದರಲ್ಲಿ ಮೆಟ್ಟಿಲಿದೆಯಾ ಅಂತ ಕೇಳಿ.

ಮನೆ ಕಟ್ಟಿದ್ದು ಜೇನಿನ ಬಣ್ಣದ ಸುಣ್ಣಕಲ್ಲಿನಲ್ಲಿ. ಗರಗಸದಲ್ಲಿ ಕೊಯ್ಯಬಹುದು, ಅಷ್ಟು ಮೆದು. ಮನೆಗೆ ಬೇಕಾದ ಕಲ್ಲನ್ನು ಮನೆಯ ಜಾಗದಲ್ಲೇ ತೆಗೆಯುತ್ತಿದ್ದರು. ತೆಗೆದ ಮೇಲೆ ಉಳಿದ ಗುಂಡಿಯೇ ನೆಲಮಾಳಿಗೆ. ಅದರ ಕೆಳಗೆ ಬಾವಿ. ಪ್ರತಿ ಮನೆಗೂ ಮಳೆನೀರಿನ ಬಾವಿ ಇರಲೇಬೇಕು, ಕೊಳೆನೀರು ಹೋಗುವ ಚರಂಡಿ ಇರಲೇಬೇಕು ಅಂತ ನೈಟ್‌ಗಳು ಕಾನೂನನ್ನೇ ಮಾಡಿದ್ದರು. ಆ ದೇಶದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮತ್ತೆ ಮುತ್ತಿಗೆ ಬಿದ್ದರೆ ಕುಡಿಯುವುದಕ್ಕೆ ಏನು ಮಾಡಬೇಕು?

ಇನ್ನು ಮಹಡಿಗಳು. ಬೀದಿಯ ಮಟ್ಟದಲ್ಲಿ ಅಂಗಡಿ, ಉಗ್ರಾಣ. ಅದರ ಮೇಲೆ ಕೆಲವು ಮನೆಗಳಲ್ಲಿ ತಲೆ ತಾಗುವಂಥ ತಗ್ಗಿನ ಮಹಡಿ. ಅದರ ಮೇಲೆ ಯಜಮಾನರ ಮಹಡಿ. ಎತ್ತರದ ಸೂರು, ದೊಡ್ಡ ಕಿಟಕಿ, ಬೀದಿಗೆ ಚಾಚಿಕೊಂಡ ಮರದ ಮುಚ್ಚು ಬಾಲ್ಕನಿ. ಇದನ್ನು ಅಲ್ಲಿಯವರು ಗಲ್ಲರಿಯಾ ಅನ್ನುತ್ತಾರೆ. ಹಸಿರು, ಕೆಂಪು, ನೀಲಿ ಬಣ್ಣ ಬಳಿದಿರುತ್ತಾರೆ. ಪೋಸ್ಟ್‌ಕಾರ್ಡಿನಲ್ಲಿ ನೀವು ನೋಡುವುದು ಅದನ್ನೇ. ತೀರಾ ಮೇಲೆ ಆಳುಗಳ ಕೋಣೆ, ಬಟ್ಟೆ ಒಗೆಯುವ ಜಾಗ. ಅಲ್ಲಿಂದ ಸಮುದ್ರ ಕಾಣುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ತಾರಸಿ ಕಾದು ಕೋಣೆ ಬೇಯುತ್ತದೆ. ಲಿಫ್ಟ್ ಎಲ್ಲ ಕಡೆ ಇರುವುದಿಲ್ಲ. 1980ರಿಂದ ಊರಿಗೆ ಊರೇ ಯುನೆಸ್ಕೋ ಪಟ್ಟಿಯಲ್ಲಿದೆ, ಮನಸ್ಸಿಗೆ ಬಂದ ಹಾಗೆ ಕೊರೆದು ಲಿಫ್ಟ್ ಇಳಿಸುವ ಹಾಗಿಲ್ಲ. ಯಜಮಾನರ ಮಹಡಿ ಕೇಳಿ. ಅದೇ ನಿಮಗೆ ಸರಿ.

ಇಲ್ಲಿ ನಮ್ಮ ಅತ್ತೆ, ಮಾವನ ಕಥೆ ಹೇಳಲೇಬೇಕು. ನಮ್ಮಪ್ಪನ ತಂಗಿ ಮತ್ತು ಅವರ ಯಜಮಾನರು. ತಿಪಟೂರಿನ ಕಡೆ ತೆಂಗಿನ ತೋಟದವರು. ಅವರ ಮಗ ಮಾಲ್ಟಾದಲ್ಲಿ ನರ್ಸ್. ಮೂವರು ಸೇರಿ ಒಂದು ಸಣ್ಣ ಫ್ಲಾಟ್ ಹಿಡಿದಿದ್ದಾರೆ, ಅಪ್ಪ ಅಮ್ಮನನ್ನು ಇಟ್ಟುಕೊಳ್ಳುವುದಕ್ಕೆ ಜಾಗ ಇಲ್ಲ. ಪಾಪ, ಉಳಿಸಿದ ದುಡ್ಡಿನಲ್ಲಿ ವಲೆಟ್ಟಾದ ಒಂದು ಬುಟೀಕ್ ಹೋಟೆಲಿನಲ್ಲಿ ಕೋಣೆ ಮಾಡಿದ್ದ. ಹೆಸರು ಬೇಡ. ಕಲ್ಲಿನ ರಿಪೇರಿ ನೋಡುವುದಕ್ಕೆ ಅಂತ ನಾನೂ ಆಗ ಅಲ್ಲೇ ಇದ್ದೆ.

ಜನವರಿ ತಿಂಗಳು. ಕೋಣೆ ನೆಲಮಾಳಿಗೆಯಲ್ಲಿ. ಫೋಟೋದಲ್ಲಿ ಇದ್ದ ಕಮಾನು, ಇದ್ದ ದೀಪ, ಎಲ್ಲ ಇತ್ತು. ಕಿಟಕಿ ಮಾತ್ರ ಸೂರಿನ ಹತ್ತಿರ, ಒಂದು ಗೇಣು ಎತ್ತರ. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಪಾದ ಕಾಣುತ್ತಿತ್ತು. ಅತ್ತೆ ಮೊದಲ ದಿನ ನಕ್ಕರು. ಆಮೇಲೆ ಒಗೆದು ಹಾಕಿದ ಸೀರೆ ಒಣಗಲಿಲ್ಲ. ಹಾಸಿಗೆಯೆಲ್ಲ ಮುಗ್ಗಲು ವಾಸನೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಸಣ್ಣಗೆ ಬಿಳೀ ಪುಡಿ. ಮಾವನೇ ಪೌಡರ್ ಚೆಲ್ಲಿದ್ದಾರೆ ಅಂತ ಅತ್ತೆ ಅವರಿಗೆ ಬೈದರು. ಮಾರನೆಯ ದಿನವೂ ಅದೇ. ಅತ್ತೆ ಸುಮ್ನೆ ಬಿಡುವವರಲ್ಲ. ಬೆರಳಲ್ಲಿ ಒತ್ತಿ ನಾಲಗೆಗೆ ಇಟ್ಟುಕೊಂಡರು. "ಉಪ್ಪು ಕಣೇ ಇದು!" ಅಂತ ನನಗೆ ಫೋನ್ ಮಾಡಿದರು.

ಸರಿಯಾಗೇ ಹೇಳಿದ್ದರು. ಸುಣ್ಣಕಲ್ಲು ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ತೇವದ ಜೊತೆ ಉಪ್ಪೂ ಏರುತ್ತದೆ. ಸುತ್ತಲೂ ಸಮುದ್ರ ಬೇರೆ. ನೀರು ಆರಿದಾಗ ಉಪ್ಪು ಹರಳುಗಟ್ಟುತ್ತದೆ. ಹರಳು ಹಿಗ್ಗಿ ಕಲ್ಲಿನ ಮೈಯನ್ನು ಪುಡಿ ಮಾಡಿ ಉದುರಿಸುತ್ತದೆ. ನೆಲಮಾಳಿಗೆಯಲ್ಲಿ ಇದು ಜಾಸ್ತಿ. ಯಾರ ತಪ್ಪೂ ಅಲ್ಲ. ಆದರೆ ಅಲ್ಲಿ ಮಲಗಬೇಕಾದವರು ನೀವಲ್ಲ, ಅಷ್ಟೆ.

ರಿಸೆಪ್ಷನ್ನಿನ ಹುಡುಗನಿಗೆ ಹೇಳಿದರೆ, ಹಳೇ ಮನೆ ಅಂದ ಮೇಲೆ ಎಲ್ಲ ಕೋಣೆಯೂ ಹೀಗೇ ಅಂದ. ನನಗೆ ಮೈ ಉರಿದುಹೋಯಿತು. ಎಲ್ಲ ಕೋಣೆಯೂ ಹೀಗೇ ಇರಲು ಸಾಧ್ಯವೇ ಇಲ್ಲ! ನಾನು ವಾದಕ್ಕೆ ನಿಂತೆ. ಇತ್ತ ಮಾವ ಕಾಣಲಿಲ್ಲ. ನೋಡಿದರೆ ಹಾಲ್‌ನ ಮಧ್ಯೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅಲ್ಲಿ ನೆಲದಲ್ಲಿ ಒಂದು ದುಂಡನೆಯ ಗಾಜಿನ ಮುಚ್ಚಳ. ಕೆಳಗೆ ದೀಪ ಹಾಕಿದ್ದರು. "ಬಾವಿ ಕಣಮ್ಮ. ನೀರಿದೆಯಾ ಕೇಳು ಅವನನ್ನ" ಅಂದರು. ಹುಡುಗನಿಗೆ ಗೊತ್ತಿರಲಿಲ್ಲ. ಅವನು ಹೋಟೆಲಿನ ಯಜಮಾನರನ್ನು ಕರೆದ. ವಯಸ್ಸಾದ ಮನುಷ್ಯ, ಸ್ವೆಟರಿನ ಮೊಣಕೈಗೆ ತೇಪೆ ಹಾಕಿತ್ತು. ಮಾವನ ಪ್ರಶ್ನೆ ಕೇಳಿ ಅವರ ಮುಖ ಅರಳಿಬಿಟ್ಟಿತು. ಮುಚ್ಚಳ ತೆಗೆಸಿದರು. ಎಲ್ಲಿಂದಲೋ ಹಗ್ಗ, ಬಕೆಟ್ಟು ಬಂತು. ಮಾವ ತಾವೇ ಇಳಿಬಿಟ್ಟರು. ಹಗ್ಗ ಮೇಲೆ ಬಂದಾಗ ಎರಡೂ ಕೈ ಚಾಚಿ ಅಳೆದರು. ನಾಲ್ಕು ಮಾರು, ಅದರಲ್ಲಿ ಒಂದು ಮಾರು ಒದ್ದೆ. ಬಂಡೆಯನ್ನು ಕಡಿದು, ಸುಣ್ಣಕ್ಕೆ ಮಡಕೆ ಚೂರಿನ ಪುಡಿ ಬೆರೆಸಿ ಒಳಗೆ ಗಾರೆ ಮಾಡಿದ್ದಾರೆ ಅಂತ ಯಜಮಾನರು ಹೇಳಿದರು. ನಮ್ಮ ಹಳೇ ಮನೆಗಳ ಸುರ್ಕಿ ಗಾರೆ ಇದ್ದ ಹಾಗೇ ಅಂತ ನಾನು ಅಂದೆ. ತಾರಸಿಗೆ ಬಿದ್ದ ಮಳೆ ಕೊಳವೆಯಲ್ಲಿ ಇಳಿದು ಇಲ್ಲಿಗೆ ಬರುತ್ತದೆ. ಮಳೆ ಎಷ್ಟು ಅಂತ ಮಾವ ಕೇಳಿದರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಕೊಳವೆಬಾವಿಗೆ ಸಾಲ ಮಾಡಿದ ನಮ್ಮ ಮಾವ ಬಹಳ ಹೊತ್ತು ಆ ಬಾವಿಯನ್ನೇ ನೋಡಿದರು. ಆ ದೇಶದ ನಲ್ಲಿ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಈಗ ಸಮುದ್ರದ ನೀರನ್ನು ಸಿಹಿ ಮಾಡಿದ್ದು ಅಂತ ತಿಳಿದಾಗಲಂತೂ, "ಬಾವಿ ಇಟ್ಟುಕೊಂಡು ಯಾಕೆ?" ಅಂತ ಜಗಳಕ್ಕೇ ನಿಂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಯಜಮಾನರಿಗೆ ಕನ್ನಡ ಬರುವುದಿಲ್ಲ. ನನ್ನ ಗಂಟಲು ಒಣಗಿತು.

ಕೊನೆಗೆ ಅತ್ತೆ ಒದ್ದೆ ಸೀರೆ ಹಿಡಿದುಕೊಂಡು ಬಂದು ನಿಂತರು. ಯಜಮಾನರು ನೋಡಿದರು. ಏನೂ ಮಾತಾಡದೆ ಮೊದಲ ಮಹಡಿಗೆ ಕರೆದುಕೊಂಡು ಹೋಗಿ ಒಂದು ಬಾಗಿಲು ತೆಗೆದರು. ಸಣ್ಣ ಕೋಣೆ. ಉದ್ದಕ್ಕೆ, ಇಕ್ಕಟ್ಟಾಗಿ. ಗೋಡೆ ಒಣಗಿತ್ತು. ತುದಿಯಲ್ಲಿ ಹಸಿರು ಗಲ್ಲರಿಯಾ, ಅದರ ಗಾಜಿನಲ್ಲಿ ಬಿಸಿಲು. ಬಾಡಿಗೆ ನೆಲಮಾಳಿಗೆಯದಕ್ಕಿಂತ ಕಮ್ಮಿ! ಮತ್ತೆ ಇದನ್ನು ಯಾಕೆ ವೆಬ್‌ಸೈಟಿನಲ್ಲಿ ತೋರಿಸಿಲ್ಲ ಅಂತ ಕೇಳಿದೆ. ಇಕ್ಕಟ್ಟು ಕೋಣೆ, ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವಂತೆ.

ಕೇಳಿದಿರಲ್ಲ? ಫೋಟೋದಲ್ಲಿ ಚೆನ್ನಾಗಿ ಬಂದ ಕೋಣೆಯಲ್ಲಿ ಉಪ್ಪು ಉದುರುತ್ತಿತ್ತು. ಅತ್ತೆಯ ಸೀರೆ ಗಲ್ಲರಿಯಾದಲ್ಲಿ ಮಧ್ಯಾಹ್ನದೊಳಗೆ ಒಣಗಿತು. ಹೋಟೆಲ್ ಅದೇ, ಕೋಣೆ ಬೇರೆ.

ಗಾಜಿನ ಆಚೆಯಿಂದ ನನಗೆ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಇನ್ನೂ ಅರ್ಧ ಉಳಿದಿದೆ. ಬೇಗ ಬೇಗ ಹೇಳಿಬಿಡುತ್ತೇನೆ.

ಸದ್ದು. ಬೀದಿಯ ಕಡೆ ಕೋಣೆ ಅಂದರೆ ಚರ್ಚಿನ ಗಂಟೆ, ರಾತ್ರಿ ರೆಸ್ಟೋರೆಂಟ್ ಮೇಜುಗಳ ಗದ್ದಲ. ನಿದ್ದೆ ಸೂಕ್ಷ್ಮ ಇದ್ದರೆ ಒಳಗಿನ ಅಂಗಳದ ಕಡೆ ಕೋಣೆ ಕೇಳಿ. ಮಧ್ಯಾಹ್ನ ಹನ್ನೆರಡಕ್ಕೆ ಅಪ್ಪರ್ ಬರಾಕ್ಕಾ ತೋಟದ ಕೆಳಗೆ ತೋಪು ಹಾರಿಸುತ್ತಾರೆ, ಗಾಬರಿ ಆಗಬೇಡಿ. ಆ ತೋಟದಿಂದ ಬಂದರಿಗೆ ಇಳಿಯುವುದಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಇದೆ, ಮೆಟ್ಟಿಲು ಇಳಿಯಬೇಡಿ.

ಚಳಿಗಾಲಕ್ಕೆ ಹೀಟರ್ ಇದೆಯಾ ಕೇಳಿ. ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು, ಜನವರಿಯಲ್ಲೂ ತಂಪು. ದಪ್ಪ ಗೋಡೆ, ವೈಫೈ ಕೋಣೆಗೆ ಬರುತ್ತದೆಯಾ ಕೇಳಿ. ಬಸ್ಸು ಊರಬಾಗಿಲ ಹೊರಗೆ, ಟ್ರೈಟನ್ ಕಾರಂಜಿಯ ಹತ್ತಿರ ನಿಲ್ಲುತ್ತದೆ. ಅಲ್ಲಿಂದ ಸಾಮಾನು ಎಳೆದುಕೊಂಡು ಹೋಗಬೇಕು. ತಿನ್ನುವುದಕ್ಕೆ ಪಸ್ತಿತ್ಸಿ ಸಿಗುತ್ತದೆ, ಬಟಾಣಿ ತುಂಬಿದ ಪಫ್. ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆ ಅಂತ ಸಸ್ಯಾಹಾರಿಗಳು ಕೇಳಿಕೊಳ್ಳಿ. ಸೇಂಟ್ ಜಾನ್ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರ ಇದೆ, ಅದಕ್ಕೆ ಒಂದು ಬೆಳಿಗ್ಗೆ ಇಡೀ ಇಟ್ಟುಕೊಳ್ಳಿ. ಅದರ ಬಗ್ಗೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ, ಬಾವಿ ತಿಂದುಹಾಕಿತು.

ಹೋಟೆಲಿಗೆ ಇಮೇಲ್ ಬರೆಯುವಾಗ ಕೋಣೆಯ ನಂಬರ್ ಹೆಸರಿಸಿ ಬರೆಯಿರಿ. ಯಾವ ಮಹಡಿ, ಕಿಟಕಿ ಯಾವ ಕಡೆ, ಎಷ್ಟು ಮೆಟ್ಟಿಲು ಅಂತ ಕೇಳಿ. ಉತ್ತರ ಬರೆಯದ ಹೋಟೆಲಿಗೆ ಹೋಗಲೇಬೇಡಿ. ಮಕ್ಕಳಿಗೆ ಸಂಕೋಚ ಆಗುತ್ತದೆ, "ಅಷ್ಟೆಲ್ಲ ಯಾಕಮ್ಮಾ" ಅನ್ನುತ್ತಾರೆ. ಅನ್ನಲಿ. ಮಲಗುವವರು ನೀವು.

ಹಾಂ, ಪ್ಲಗ್! 1964ರವರೆಗೆ ಬ್ರಿಟಿಷರು ಆಳಿದ ದೇಶ. ಸಾಕೆಟ್ ಇಂಗ್ಲೆಂಡಿನದೇ, ಮೂರು ಚಪ್ಪಟೆ ಕಾಲಿನದು. ನಮ್ಮ ದುಂಡು ಪಿನ್ ಅದಕ್ಕೆ ಹೋಗುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ನಮಸ್ಕಾರ.