ಬ್ರಾಡ್‌ಫರ್ಡಿನ ಮಿಲ್ ಕೆಲಸಗಾರರು ಊರಿಗೆ ಕಳಿಸಿದ ಫೋಟೋಗಳು

ಎಲ್ಲರಿಗೂ ನಮಸ್ಕಾರ. ಕೈಗಾರಿಕಾ ನಗರದ ಫೋಟೋ ಅಂದ ಕೂಡಲೇ ಚಿಮಣಿ, ಹೊಗೆ, ಶಿಫ್ಟ್ ಮುಗಿಸಿ ಗೇಟಿನಿಂದ ಹೊರಬರುವ ಜನ ಕಣ್ಣಮುಂದೆ ಬರುತ್ತಾರೆ, ಅಲ್ವಾ? ನಾನಿವತ್ತು ಹೇಳುವ ಸಂಗ್ರಹದಲ್ಲಿ ಇರುವುದು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋಗಳು. ಆದರೂ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರ ನನಗೆ ಅರ್ಥವಾದದ್ದು ಇವುಗಳಿಂದಲೇ.

ಬ್ರಾಡ್‌ಫರ್ಡ್ ಉಣ್ಣೆಯ ಊರು. ಅಲ್ಲಿನ ಮ್ಯಾನಿಂಗ್‌ಹ್ಯಾಮ್ ಲೇನ್‌ನಲ್ಲಿ 1926ರಲ್ಲಿ ಬೆಲ್ ವ್ಯೂ ಸ್ಟುಡಿಯೋ ಶುರುವಾಯಿತು. ಮೊದಲು ಸ್ಯಾಂಡ್‌ಫರ್ಡ್ ಟೇಲರ್, ಆಮೇಲೆ ಟೋನಿ ವಾಕರ್ ಅದನ್ನು ನಡೆಸಿದರು. ಮುಚ್ಚಿದ್ದು 1975ರಲ್ಲಿ. ಗಿರಾಕಿ ಬರಬೇಕು, ಫೋಟೋ ತೆಗೆಯಬೇಕು, ದುಡ್ಡು ಪಡೆಯಬೇಕು, ಅಷ್ಟೇ ವ್ಯವಹಾರ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲ್ಲುಗಳಿಗೆ ಜನ ಸಾಲಲಿಲ್ಲ. ಪೋಲೆಂಡ್, ಉಕ್ರೇನ್ ಕಡೆಯವರು ಬಂದರು, ಆಮೇಲೆ ಕೆರಿಬಿಯನ್ ದ್ವೀಪಗಳಿಂದ, ಭಾರತ, ಪಾಕಿಸ್ತಾನಗಳಿಂದ ಬಂದರು. 1960ರ ದಶಕದಲ್ಲಿ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದಲ್ಲಿ ಮಂಗ್ಲಾ ಅಣೆಕಟ್ಟೆಗಾಗಿ ಮೀರ್‌ಪುರದ ಹಳ್ಳಿಗಳು ಮುಳುಗಿ ಸುಮಾರು 1 ಲಕ್ಷ ಜನ ನೆಲೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಸೇರಿದ್ದು ಇದೇ ಊರನ್ನು. ಬೇರೆಯವರು ಒಲ್ಲೆ ಅಂದ ರಾತ್ರಿ ಪಾಳಿ ಇವರ ಪಾಲಿಗೆ ಬಂತು.

ಕೈಗೆ ಒಂದಿಷ್ಟು ದುಡ್ಡು ಬಂದರೆ ಇವರು ಹೋಗುತ್ತಿದ್ದದ್ದು ಬೆಲ್ ವ್ಯೂಗೆ. ಊರಿಗೆ ಫೋಟೋ ಕಳಿಸಬೇಕಲ್ಲ! ಸ್ವಲ್ಪ ಹತ್ತಿರದಿಂದ ನೋಡಿ. ಸೂಟು, ಟೈ. ಕೋಟಿನ ಜೇಬಿನಲ್ಲಿ ಎದ್ದು ಕಾಣುವ ಪೆನ್ನು. ಗಡಿಯಾರ ಕಾಣುವ ಹಾಗೆ ಇಟ್ಟ ಮಣಿಕಟ್ಟು. ಬಸ್ ಕಂಡಕ್ಟರ್ ಆದವರು ಯೂನಿಫಾರ್ಮಿನಲ್ಲೇ ಬಂದು ನಿಂತಿದ್ದಾರೆ. ಬೇರೆ ಕಡೆ ಫಿಲ್ಮ್, ಫ್ಲ್ಯಾಶ್ ಬಂದು ಎಷ್ಟೋ ಕಾಲವಾಗಿದ್ದರೂ ವಾಕರ್ ಮಾತ್ರ ಹಳೇ ಮರದ ಕ್ಯಾಮೆರಾ, ಫಿಲ್ಮಿನ ಬದಲು ಚಿತ್ರ ಮೂಡುವ ಗಾಜಿನ ಪ್ಲೇಟು, ಹಗಲು ಬೆಳಕು ಇಷ್ಟನ್ನೇ ನೆಚ್ಚಿಕೊಂಡಿದ್ದರು. ಹಾಗಾಗಿ ಒಂದು ಫೋಟೋ ತೆಗೆಯಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಅಲುಗಾಡದೆ ನಿಲ್ಲಲೇಬೇಕಿತ್ತು. ಆ ಮುಖಗಳ ಗಾಂಭೀರ್ಯಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

"ಇದೆಲ್ಲ ಬರೀ ತೋರಿಕೆ, ಮಿಲ್ಲಿನ ಕಷ್ಟ ಎಲ್ಲಿದೆ?" ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪತ್ರಿಕೆಯ ಛಾಯಾಗ್ರಾಹಕ ಬಂದಿದ್ದರೆ ಇವರ ದಣಿದ ಮುಖವನ್ನೇ ಆರಿಸುತ್ತಿದ್ದ, ಅದು ಅವನ ಆಯ್ಕೆ. ಇಲ್ಲಿ ದುಡ್ಡು ಕೊಟ್ಟವರು ಇವರು, ಹೇಗೆ ಕಾಣಬೇಕು ಅಂತ ತೀರ್ಮಾನಿಸಿದವರೂ ಇವರೇ. ಅಮ್ಮನಿಗೆ, ಹೆಂಡತಿಗೆ ಏನು ಹೇಳಬೇಕು, ಏನನ್ನು ಮುಚ್ಚಿಡಬೇಕು ಅನ್ನುವುದೂ ಆ ನಗರದ ಚರಿತ್ರೆಯೇ, ಮತ್ತು ಅದು ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ.

ಉಳಿದಿರುವ ಪ್ಲೇಟುಗಳು ಸುಮಾರು 17,000. ಅವು ಈಗ ಬ್ರಾಡ್‌ಫರ್ಡಿನ ಮ್ಯೂಸಿಯಂನವರ ಬಳಿ ಇವೆ. ಗಾಜು ಭಾರ, ಒಡೆಯುತ್ತದೆ, ಜಾಗವೂ ಜಾಸ್ತಿ ಬೇಕು. ಆದರೆ ಹಳೇ ಫಿಲ್ಮಿನ ಹಾಗೆ ಸುರುಟಿಕೊಳ್ಳುವುದಿಲ್ಲ, ಆದ್ದರಿಂದ ಕೋಟಿನ ನೇಯ್ಗೆಯೂ ಇವತ್ತಿಗೂ ಸ್ಪಷ್ಟ. ಹೆಸರುಗಳದ್ದೇ ಕಷ್ಟ. ಹೆಚ್ಚಿನವರು ಯಾರು ಅಂತ ಗೊತ್ತಿಲ್ಲ. ಪ್ರದರ್ಶನಗಳಿಗೆ ಬಂದವರು "ಇವರು ನಮ್ಮಪ್ಪ" ಅಂದಾಗ ಒಂದೊಂದೇ ಹೆಸರು ಸೇರುತ್ತದೆ. ಆ ಪೀಳಿಗೆಯವರಿಗೆ ಈಗ ವಯಸ್ಸಾಗಿದೆ, ಕೇಳುವುದಿದ್ದರೆ ಈಗಲೇ ಕೇಳಬೇಕು.