ಮಂಡಕ್ಕಿ ಪೊಟ್ಟಣದೊಳಗೆ ಸಿಕ್ಕ ಫ್ಯಾಂಟಮ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತೋರಿಗೆ ಕೇಳ್ತೈತೇನ್ರಿ? ಸರಿ.

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಬಿಟ್ಟು ಇಷ್ಟು ಜನ ಬಂದೀರಿ ಅಂದ್ರೆ ನನಗೇ ಆಶ್ಚರ್ಯ. ಕರೆಯೋಲೇಲಿ ನನ್ನ ಹೆಸರಿನ ಮುಂದೆ 'ಸಂಗ್ರಾಹಕರು' ಅಂತ ಹಾಕ್ಯಾರೆ, ಅದನ್ನ ನಮ್ಮ ಮನೆಯವಳು ಎರಡು ಸಲ ಓದಿ ನಕ್ಕಳು, ಅವಳ ಲೆಕ್ಕದಲ್ಲಿ ನಾನು ಮೂವತ್ತು ವರ್ಷದಿಂದ ಅಟ್ಟದ ಮೇಲೆ ರದ್ದಿ ಸಾಕ್ಕೊಂಡಿರೋ ಮನುಷ್ಯ. ಹಗಲೆಲ್ಲಾ ಮೆಡಿಕಲ್ ಶಾಪಲ್ಲಿ ಮಾತ್ರೆ ಎಣಿಸ್ತೀನಿ, ರಾತ್ರಿ ಕಾಮಿಕ್ಸ್ ಎಣಿಸ್ತೀನಿ, ಇಷ್ಟೇ ನನ್ನ ಪರಿಚಯ.

ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಓಣಿಯಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು. ಒಂದು ದಿನಕ್ಕೆ ಇಪ್ಪತ್ತೈದು ಪೈಸೆ. ಮರುದಿನ ಕೊಡ್ಲಿಲ್ಲ ಅಂದ್ರೆ ಮತ್ತೆ ಇಪ್ಪತ್ತೈದು, ಅದಕ್ಕೆ ನಾವು ನಾಲ್ಕು ಜನ ಸೇರಿ ಒಂದು ಪುಸ್ತಕ ತಂದು ಒಬ್ಬ ಜೋರಾಗಿ ಓದೋದು ಮೂವರು ಚಿತ್ರ ನೋಡೋದು. ಚಂದಮಾಮ ಇತ್ತು, ಅಮರ ಚಿತ್ರ ಕಥೆ ಇತ್ತು, ಆದ್ರೆ ಜೀವ ಬಿಡ್ತಿದ್ದಿದ್ದು ಇಂದ್ರಜಾಲ ಕಾಮಿಕ್ಸಿಗೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದೋರು ಶುರು ಮಾಡಿ 1990ಕ್ಕೆ ನಿಲ್ಲಿಸಿದ್ದು. ನೇರಳೆ ಉಡುಪು, ಮುಖವಾಡ ಹಾಕ್ಕೊಂಡು ಕಾಡಿನ ತಲೆಬುರುಡೆ ಗುಹೇಲಿದ್ದು ಕೆಟ್ಟೋರನ್ನ ಹಿಡಿಯೋ ಫ್ಯಾಂಟಮ್, ಜಾದೂಗಾರ ಮ್ಯಾಂಡ್ರೇಕ್, ಆಮೇಲೆ ನಮ್ಮ ದೇಶದೋನೇ ಆದ ಬಹಾದೂರ್, ಅವನನ್ನ ಸೃಷ್ಟಿ ಮಾಡಿದ್ದು ಆಬಿದ್ ಸುರ್ತಿ. ಫ್ಯಾಂಟಮ್ ಅಂತೂ 1936ರಷ್ಟು ಹಳಬ, ಅಮೆರಿಕದ ಲೀ ಫಾಕ್ ಬರೆದಿದ್ದು. ಮೂಲದಲ್ಲಿ ಅವನ ಕಾಡಿರೋ ದೇಶದ ಹೆಸರು ಬೆಂಗಾಲ ಅಂತ ಕೇಳಿಸ್ತಿತ್ತು, ಇಲ್ಲಿ ಅದು ಸರಿಹೋಗಲ್ಲ ಅಂತ ಡೆಂಕಾಲಿ ಮಾಡಿದ್ರು, ಸಿಂಗ್ ಅನ್ನೋ ಕಡಲ್ಗಳ್ಳರು ಸಿಂಗಾ ಆದ್ರು. ನಮಗೆ ಅದ್ಯಾವುದೂ ಗೊತ್ತಿಲ್ಲ. ಡೆಂಕಾಲಿ ಅಂದ್ರೆ ಹೊಳಲ್ಕೆರೆ ಆಚೆ ಎಲ್ಲೋ ಇರ್ಬೇಕು ಅಂದ್ಕೊಂಡಿದ್ವಿ. ಆಗ ನಾವೂ ಚಿತ್ರದುರ್ಗ ಜಿಲ್ಲೆಯವರೇ ನೋಡ್ರಿ, ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ಕ್ಕೆ. ಸ್ಕೂಲಿಂದ ಕೋಟೆ ನೋಡೋಕೆ ಕರ್ಕೊಂಡು ಹೋದಾಗ ಮೇಷ್ಟ್ರು ಓಬವ್ವನ ಕಿಂಡಿ ಮುಂದೆ ನಿಂತು ಹೈದರಾಲಿ ಕಥೆ ಹೇಳ್ತಾ ಇದ್ರೆ ನಮ್ಮ ನಾಲ್ಕು ಜನದ ಗ್ಯಾಂಗು ಆ ಬಂಡೆಗಳಲ್ಲಿ ತಲೆಬುರುಡೆ ಗುಹೆ ಹುಡುಕ್ತಾ ಇತ್ತು. ಒಂದು ಬಂಡೆಗೆ ಎರಡು ಕಣ್ಣು ಒಂದು ಮೂಗು ಇದ್ದಂಗೆ ಕಂಡೂ ಇತ್ತು, ಬಾಯಿ ಇರ್ಲಿಲ್ಲ ಅಷ್ಟೇ.

ವಿಷಯಕ್ಕೆ ಬರ್ತೀನಿ. ಒಂದು ಫ್ಯಾಂಟಮ್ ಕಥೆ ಓದಿದೆ, ಕೊನೇ ಪುಟದಲ್ಲಿ 'ಮುಂದಿನ ಸಂಚಿಕೆಯಲ್ಲಿ' ಅಂತ ಇತ್ತು. ಆ ಮುಂದಿನ ಸಂಚಿಕೆ ಲೈಬ್ರರಿಗೆ ಬರ್ಲೇ ಇಲ್ಲ. ದಿನಾ ಹೋಗಿ ಕೇಳಿದೆ, ಕೊನೆಗೆ ಅಂಗಡಿಯವರು "ಲೇ ತಮ್ಮ, ನಿನಗಿಂತ ನನಗೇ ಬೇಜಾರಾಗೈತೆ, ಹೋಗು" ಅಂದ್ರು.

ಎಷ್ಟೋ ತಿಂಗಳಾದ ಮೇಲೆ ಒಂದಿನ ಸಂಜೆ ಅಪ್ಪ ಮಂಡಕ್ಕಿ ಮಿರ್ಚಿ ತಂದ್ರು. ಪೊಟ್ಟಣ ಬಿಚ್ಚಿದ್ರೆ ಬಣ್ಣದ ಕಾಗದ. ನೇರಳೆ ಬಣ್ಣ. ಮಂಡಕ್ಕಿ ತಟ್ಟೆಗೆ ಸುರಿದು ಹಾಳೆ ಬಿಡಿಸಿ ನೋಡ್ತೀನಿ, ಅದೇ ಕಥೆ ಕಣ್ರಿ, ಅದೇ ಮುಂದಿನ ಸಂಚಿಕೆ! ಚಪ್ಪಲಿ ಹಾಕದೆ ಅಂಗಡಿಗೆ ಓಡಿದೆ. ಅವರು ರದ್ದಿ ಕಟ್ಟು ತೋರ್ಸಿ ಹುಡ್ಕಪ್ಪ ಅಂದ್ರು, ಪೂರ್ತಿ ಜಾಲಾಡಿದ್ರೂ ಬೇರೆ ಹಾಳೆ ಒಂದೂ ಸಿಗ್ಲಿಲ್ಲ, ಮಿಕ್ಕಿದ್ದೆಲ್ಲಾ ದಾವಣಗೆರೆ ಜನರ ಹೊಟ್ಟೆ ಸುತ್ತಿ ಆಗ್ಲೇ ಚರಂಡಿ ಸೇರಿತ್ತು. ನನ್ನ ಹತ್ರ ಉಳಿದಿದ್ದು ಒಂದೇ ಹಾಳೆ, ಹಿಂದೆ ಮುಂದೆ ಎರಡು ಪುಟ, ನಡುವೆ ಅಂಗೈ ಅಗಲ ಮಿರ್ಚಿ ಎಣ್ಣೆ.

ಅದರಲ್ಲಿ ಫ್ಯಾಂಟಮ್ ಊರೊಳಗೆ ಬಂದಾನೆ, ಅಂದ್ರೆ ಮಿಸ್ಟರ್ ವಾಕರ್ ಆಗಿ, ಓವರ್ ಕೋಟು, ಹ್ಯಾಟು, ಕಪ್ಪು ಕನ್ನಡಕ. ಹೋಟ್ಲು ರೂಮಲ್ಲಿ ಒಬ್ಬ ಹೆಂಗಸಿನ ಹತ್ರ ಮಾತಾಡ್ತಾ ಕೂತಾನೆ. ಅವನ ಬೆನ್ನ ಹಿಂದೆ, ಪರದೆ ಹತ್ರ, ಮಸುಕಾಗಿ ಒಬ್ಬ ಮನುಷ್ಯ. ಎಡಗೈಯಲ್ಲಿ ಗನ್ನು. ಫ್ಯಾಂಟಮ್‌ಗೆ ಗೊತ್ತೇ ಇಲ್ಲ! ನನಗೆ ರಾತ್ರಿ ನಿದ್ದೆ ಇಲ್ಲ. ಆಮೇಲೆ ನಾನೇ ಇನ್ನೂರು ಪುಟದ ನೋಟ್ ಬುಕ್ಕಲ್ಲಿ ಮಿಕ್ಕಿದ ಕಥೆ ಬರೆದೆ, ಆ ಎಡಗೈ ಮನುಷ್ಯನೇ ಖಳನಾಯಕ, ಫ್ಯಾಂಟಮ್ ಅವನನ್ನ ಹುಡುಕ್ಕೊಂಡು ಕಾಟನ್ ಮಿಲ್ ಒಳಗೆಲ್ಲಾ ಬರ್ತಾನೆ. ಡೆಂಕಾಲಿಯಲ್ಲಿ ಕಾಟನ್ ಮಿಲ್ ಯಾಕಿತ್ತು ಅಂತ ಕೇಳ್ಬೇಡ್ರಿ.

ಸಿನಿಮಾನೂ ನಾವು ಹಿಂಗೇ ನೋಡಿದ್ದು. ಒಂದು ಟಾಕೀಸು, ಯಾವುದು ಅಂತ ಹೇಳಲ್ಲ, ಇಂಗ್ಲಿಷ್ ಸಿನಿಮಾದ ರೀಲು ಹಿಂದೆ ಮುಂದೆ ಮಾಡಿ ಹಾಕ್ಬಿಟ್ರು. ಸತ್ತ ಹೀರೋ ಹತ್ತು ನಿಮಿಷಕ್ಕೆ ಎದ್ದು ಬಂದು ಕಾಫಿ ಕುಡೀತಾನೆ. ಗಾಂಧಿ ಕ್ಲಾಸಲ್ಲಿ ಒಬ್ಬ "ಡಬಲ್ ಆಕ್ಟಿಂಗ್ ಕಣ್ರಲೇ" ಅಂತ ಕೂಗಿದ, ಇಡೀ ಥಿಯೇಟ್ರು ಒಪ್ಕೊಂಡು ಶಿಳ್ಳೆ ಹೊಡೀತು. ಎಷ್ಟೋ ವರ್ಷ ಆದ್ಮೇಲೆ ಅದೇ ಸಿನಿಮಾ ಸರಿಯಾಗಿ ನೋಡಿದೆ, ಸಪ್ಪೆ ಅನ್ನಿಸ್ತು.

ಆಮೇಲೆ ದುಡಿಯೋಕೆ ಶುರು ಮಾಡಿದ್ಮೇಲೆ ಹುಚ್ಚು ಜಾಸ್ತಿ ಆಯ್ತು. ಅಮರ ಚಿತ್ರ ಕಥೆ ಇಂಗ್ಲಿಷ್ ಸರಣಿಯ 1ರಿಂದ 10ನೇ ನಂಬರ್ ಹುಡುಕಿ ಹುಡುಕಿ ಸಾಕಾಗಿ ಹೋಗಿದ್ದೆ, 11ನೇದು ಕೃಷ್ಣ, ಅದರ ಹಿಂದಿಂದು ಎಲ್ಲೂ ಇಲ್ಲ. ಆಮೇಲೆ ಗೊತ್ತಾಯ್ತು, ಮೊದಲ ಹತ್ತು ಬಂದಿದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಲ್ಲಿ ಜಿ.ಕೆ. ಅನಂತರಾಮ್ ಅನ್ನೋರ ಒತ್ತಾಸೆಯಿಂದ, ಅದೂ ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳು. ನಮ್ಮ ಕಾರ್ಕಳದ ಅನಂತ ಪೈ ಅವರ ಕೃಷ್ಣ ಬಂದಿದ್ದು ಆಮೇಲೆ. ಕನ್ನಡದ ಹತ್ತು ಪುಸ್ತಕನ ನಾನು ಇಂಗ್ಲಿಷಲ್ಲಿ ಹುಡುಕ್ತಾ ಕೂತಿದ್ದೆ!

ರೇಟು ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಹೇಳಿಬಿಡ್ತೀನಿ. ಸೂಪರ್‌ಮ್ಯಾನ್ ಮೊದಲು ಬಂದ ಆಕ್ಷನ್ ಕಾಮಿಕ್ಸ್, 1938ರದ್ದು, ಆಗ ಹತ್ತು ಸೆಂಟು, 2024ರಲ್ಲಿ ಒಂದು ಪ್ರತಿ 60 ಲಕ್ಷ ಡಾಲರಿಗೆ ಹೋಯ್ತು. ಯಾಕಂದ್ರೆ ಮಕ್ಕಳು ಓದಿ ಹರಿದು ಬಿಸಾಡಿದ್ರು, ಎರಡನೇ ಮಹಾಯುದ್ಧದಲ್ಲಿ ಅಲ್ಲಿ ರದ್ದಿ ಕಾಗದ ಕೊಡ್ರಿ ಅಂತ ಸರ್ಕಾರವೇ ಕೇಳಿತ್ತು, ಉಳಿದಿದ್ದೇ ಕಮ್ಮಿ. ಇದನ್ನ ನೋಡಿ 90ರ ದಶಕದಲ್ಲಿ ಜನ ಚಿನ್ನದ ಥರ ಕಾಮಿಕ್ಸ್ ಕೊಂಡು ಕವರಲ್ಲಿ ಹಾಕಿ ಇಟ್ರು. 1991ರ ಎಕ್ಸ್‌-ಮೆನ್ ಮೊದಲ ಸಂಚಿಕೆ 80 ಲಕ್ಷ ಪ್ರತಿಗಿಂತ ಜಾಸ್ತಿ ಮಾರಾಟ ಆಯ್ತು, ಎಲ್ಲರ ಹತ್ರಾನೂ ಇದ್ದ ಮೇಲೆ ಕೊಳ್ಳೋರು ಯಾರು? ಗಾಳಿ ಹೋಯ್ತು, 1996ಕ್ಕೆ ಅದನ್ನ ಹೊರತಂದ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನನ್ನ ಅಟ್ಟದ ಮೇಲಿಂದು ಏನೂ ಬಾಳಲ್ಲ, ಕಳ್ಳರು ಯಾರಾದ್ರೂ ಇದ್ರೆ ದಯವಿಟ್ಟು ತೊಂದರೆ ತಗೋಬೇಡಿ.

ಮನೇಲಿ ಹಳೇ ಪುಸ್ತಕ ಇದ್ದೋರಿಗೆ ಒಂದು ಮಾತು. ಅಗ್ಗದ ಕಾಗದ ಮರದ ತಿರುಳಿನದು, ಒಳಗೇ ಆಮ್ಲ ಇರುತ್ತೆ, ಬಿಸಿಲು ಬಿದ್ರೆ ಹಳದಿಯಾಗಿ ಪುಡಿಪುಡಿ. ಅದಕ್ಕಿಂತ ಮುಂಚೆ ಕೈ ಕೊಡೋದು ಸ್ಟೇಪ್ಲರ್ ಪಿನ್ನು, ತುಕ್ಕು ಹಿಡಿದು ಸುತ್ತಲಿನ ಕಾಗದ ತಿನ್ನುತ್ತೆ. ನಾನು ಪಿನ್ನು ತೆಗೆದು ಅದೇ ತೂತಲ್ಲಿ ಹತ್ತಿ ದಾರ ಹಾಕಿ ಹೊಲೀತೀನಿ. ಸೆಲ್ಲೋ ಟೇಪ್ ಮಾತ್ರ ಹಚ್ಚಬೇಡ್ರಪ್ಪ, ಕೈ ಮುಗೀತೀನಿ.

2012ರಲ್ಲಿ ಬೆಂಗಳೂರಿಗೆ ಮೊದಲನೇ ಸಲ ಕಾಮಿಕ್ ಕಾನ್ ಬಂತು, ಕೋರಮಂಗಲ ಒಳಾಂಗಣ ಕ್ರೀಡಾಂಗಣದಲ್ಲಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಿಂದ ನಡೀತಿರೋ ಜಾತ್ರೆ, ನಮ್ಮ ಕಡೆಗೆ ಬರೋಕೆ ಇಷ್ಟು ದಿನ ಬೇಕಾಯ್ತು. ರಾತ್ರಿ ಬಸ್ಸು ಹತ್ತಿ ಹೋದೆ. ಬಾಗಿಲಲ್ಲಿ ಸೆಕ್ಯುರಿಟಿ ಹುಡುಗ "ಮಕ್ಕಳೆಲ್ಲಿ ಸಾರ್?" ಅಂದ. ನಾನೇ ಕಣಪ್ಪ ಅಂದೆ. ಒಳಗೆ ಹುಡುಗ್ರು ಬ್ಯಾಟ್‌ಮ್ಯಾನು, ಜೋಕರು, ನನಗೆ ಹೆಸರೇ ಗೊತ್ತಿಲ್ಲದ ಜಪಾನಿ ವೇಷ. ತೇರಿನ ದಿನ ವೇಷ ಹಾಕ್ಕೊಂಡು ಬರ್ತಾರಲ್ಲ ಅದೇ ಖುಷಿ, ಬೆವರೂ ಅದೇ. ಫ್ಯಾಂಟಮ್ ವೇಷ ಒಂದೂ ಕಾಣಲಿಲ್ಲ.

ಟೀ ಕ್ಯೂನಲ್ಲಿ ನನ್ನ ವಯಸ್ಸಿನೋರೇ ಒಬ್ಬರು ಸಿಕ್ಕಿದ್ರು, ಧಾರವಾಡದ ಮೇಷ್ಟ್ರು. ಮಾತಿಗೆ ಮಾತು ಬಂತು, ಪೊಟ್ಟಣದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ "ಆ ಎರಡನೇ ಭಾಗ ನನ್ನ ಹಂತ್ಯಾಕ ಐತ್ರಿ, ಇಂಗ್ಲಿಷಿಂದು" ಅಂದ್ರು. ಮುಂದಿನ ಭಾನುವಾರವೇ ಧಾರವಾಡಕ್ಕೆ ಹೋದೆ.

ಅವರ ಮನೆ ಕಟ್ಟೆ ಮೇಲೆ ಕೂತು ತೆಗೆದೆ. ಫ್ಯಾಂಟಮ್ ಇಂಗ್ಲಿಷಲ್ಲಿ ಮಾತಾಡ್ತಿದ್ದ, ಯಾರದ್ದೋ ದನಿ ಅನ್ನಿಸ್ತು, ನನ್ನ ಕಿವಿಯಲ್ಲಿ ಅವನು ಯಾವಾಗ್ಲೂ ನಮ್ಮ ನಾಲ್ವರಲ್ಲಿ ಜೋರಾಗಿ ಓದ್ತಿದ್ದನಲ್ಲ, ಅವನ ಗಂಟಲಲ್ಲೇ ಮಾತಾಡೋನು. ಹೋಟ್ಲು ರೂಮಿನ ಪುಟ ಬಂತು. ಮಿಸ್ಟರ್ ವಾಕರ್, ಹೆಂಗಸು, ಪರದೆ. ಪರದೆ ಹತ್ರ ಯಾರೂ ಇಲ್ಲ. ಪುಟ ತಿರುವಿದೆ. ಅದೇ ಹಾಳೆಯ ಹಿಂಬದಿಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಜಂಗಲ್ ಪ್ಯಾಟ್ರೋಲ್ ಅನ್ನೋ ಕಾಡು ಕಾಯೋ ಪಡೆಯ ಒಬ್ಬ ಪೇದೆ, ಪಾಪ ಕಾವಲು ನಿಂತಾನೆ, ಬಲಗೈಯಲ್ಲಿ ಗನ್ನು. ಎಣ್ಣೆ ಇಳಿದು ಆ ಕಡೆ ಚಿತ್ರ ಈ ಕಡೆಗೆ ಕಂಡಿತ್ತು, ಬಲಗೈ ಎಡಗೈ ಆಗಿತ್ತು.

ಮೇಷ್ಟ್ರು "ಕಥಿ ಹೆಂಗೈತ್ರಿ?" ಅಂತ ಕೇಳಿದ್ರು. ಚೆನ್ನಾಗೈತೆ ಅಂದೆ. ಆಮೇಲೆ ನಂದು ಹೇಳಿದೆ, ಕಾಟನ್ ಮಿಲ್ ಬರೋವರೆಗೂ.