ಹಳೇ ಜೀಪಿನ ಡ್ರಮ್ ಬಿಚ್ಚಿ ನೋಡಿದ್ದೀರಾ?

ಕೇಳುಗರಿಗೆ ನಮಸ್ಕಾರ.

ಖಂಡೇಪೂಜೆ ಹತ್ತಿರ ಬಂತು. ಇನ್ನು ಊರೂರಲ್ಲೂ ಗಾಡಿ ತೊಳೆಯುವ ಸಡಗರ. ಟ್ರ್ಯಾಕ್ಟರು, ಬೈಕು, ಜೊತೆಗೆ ಅಂಗಳದ ಹಳೇ ಜೀಪು. ಬಾನೆಟ್ಟಿಗೆ ಮಾಲೆ, ಗಾಲಿಗೆ ನಿಂಬೆಹಣ್ಣು, ಎಲ್ಲಾ ಸರಿ. ಆದರೆ ಮಳೆಗಾಲವಿಡೀ ಹೊಲದ ದಾರಿಯಲ್ಲಿ ಓಡಾಡಿದ ಜೀಪಿನ ಬ್ರೇಕ್ ಡ್ರಮ್ ಒಳಗೆ ಏನು ಕೂತಿದೆ ಅಂತ ನೋಡುವವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ನಮ್ಮ ಭಾಗದಲ್ಲಿ ಹಳೇ ಜೀಪು ಎಂದರೆ ಬಹುಪಾಲು ಮಹೀಂದ್ರಾ. ವಿಲ್ಲೀಸ್ ಜೀಪಿನ ವಂಶದ್ದು. ಅವುಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕೇ. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಪೈಪಿನಲ್ಲಿ ನುಗ್ಗಿ ವೀಲ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಕಮಾನಿನಂಥ ಎರಡು ಶೂ ಅಗಲವಾಗಿ, ಅವುಗಳ ಮೇಲೆ ಕೂರಿಸಿದ ಉಜ್ಜುವ ಪದರ, ಅಂದರೆ ಲೈನಿಂಗ್, ಗಾಲಿಯ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದರೆ ಸ್ಪ್ರಿಂಗ್ ಅವನ್ನು ಹಿಂದಕ್ಕೆ ಎಳೆಯುತ್ತದೆ. ಅಷ್ಟೇ ಕೆಲಸ. ಆದರೆ ಇದೆಲ್ಲ ನಡೆಯುವುದು ಮುಚ್ಚಿದ ಡಬ್ಬಿಯೊಳಗೆ. ಅದೇ ತೊಂದರೆ.

ನವಲಗುಂದ, ನರಗುಂದ, ರೋಣದ ಕಡೆಯವರಿಗೆ ಎರೆಮಣ್ಣಿನ ಗುಣ ನಾನು ಹೇಳಬೇಕಾಗಿಲ್ಲ. ಹಳ್ಳ ದಾಟಿದಾಗ ಡ್ರಮ್ಮಿಗೆ ನೀರು ನುಗ್ಗುತ್ತದೆ, ಆಮೇಲೆ ಇಳಿದೂ ಹೋಗುತ್ತದೆ. ಜೊತೆಗೆ ಬಂದ ರಾಡಿ ಮಾತ್ರ ತಳದಲ್ಲೇ ಉಳಿದು, ಒಣಗಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಶೂ ಸಲೀಸಾಗಿ ಹಿಂದೆ ಸರಿಯುವುದಿಲ್ಲ. ಗಾಲಿ ಬಿಸಿಯಾಗುತ್ತದೆ. ಕಪ್ಪತಗುಡ್ಡದ ಕಡೆ ಓಡಾಡುವವರಿಗೆ ಬೇರೆ ಕಾಟ. ಅಲ್ಲಿನ ಗರಸು ಲೈನಿಂಗಿಗೂ ಡ್ರಮ್ಮಿಗೂ ನಡುವೆ ಸಿಕ್ಕಿ ಡ್ರಮ್ಮಿನ ಮೈಯಲ್ಲಿ ಗೆರೆ ಕೊರೆಯುತ್ತದೆ. ನೀರು ದಾಟಿದ ಕೂಡಲೇ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಸ್ವಲ್ಪ ದೂರ ನಿಧಾನ ಹೋಗಿ, ಲೈನಿಂಗ್ ಒಣಗುತ್ತದೆ. ತುಂಬಿದ ಹಳ್ಳಕ್ಕಂತೂ ಇಳಿಯಲೇಬೇಡಿ. ಅಲ್ಲಿ ಯಾವ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ಈಗ ಬಿಚ್ಚುವ ಕೆಲಸ. ಮೊದಲು ಒಂದು ಎಚ್ಚರಿಕೆ. ವಿಲ್ಲೀಸ್ ಕಾಲದ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿ ಇರುವುದಿಲ್ಲ. ಗೇರ್ ಬಾಕ್ಸ್ ಹಿಂದೆ, ಹಿಂದಿನ ಆಕ್ಸಲಿಗೆ ತಿರುಗು ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ ಇರುತ್ತದೆ. ಅದು ಹಿಡಿಯುವುದು ಶಾಫ್ಟನ್ನು ಮಾತ್ರ. ಹಿಂದಿನ ಒಂದು ಗಾಲಿಯನ್ನು ಜಾಕ್ ಕೊಟ್ಟು ಎತ್ತಿದಿರಿ ಅಂದುಕೊಳ್ಳಿ. ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರು ಇರುವುದರಿಂದ ಎತ್ತಿದ ಗಾಲಿ ಒಂದು ಕಡೆ ತಿರುಗಿ, ನೆಲದ ಮೇಲಿರುವ ಗಾಲಿ ಇನ್ನೊಂದು ಕಡೆ ಉರುಳಬಹುದು. ಹ್ಯಾಂಡ್ ಬ್ರೇಕ್ ಎಳೆದೇ ಇರುತ್ತದೆ, ಜೀಪು ಮಾತ್ರ ಜಾಕ್‌ನಿಂದ ಜಾರುತ್ತದೆ. ಹಾಗಾಗಿ ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಡ್ರಮ್ ಬರದಿದ್ದರೆ ಸುತ್ತಿಗೆ ತೆಗೆದುಕೊಂಡು ಅಂಚಿಗೆ ಬಡಿಯುವವರಿದ್ದಾರೆ. ಬೀಡು ಕಬ್ಬಿಣ ಅದು, ಸೀಳು ಬಿಡುತ್ತದೆ. ಸವೆದ ಡ್ರಮ್ಮಿನ ಬಾಯಲ್ಲಿ ಒಂದು ಏಣು ಉಳಿದು ಶೂಗೆ ಸಿಕ್ಕಿಕೊಂಡಿರುತ್ತದೆ. ಮೊದಲು ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್ ಸಡಿಲ ಮಾಡಿ. ಕೆಲವು ಹಳೇ ಮಾದರಿಗಳಲ್ಲಿ ಹಿಂದಿನ ಹಬ್ ಪುಲ್ಲರ್ ಇಲ್ಲದೆ ಬರುವುದೇ ಇಲ್ಲ. ಅದನ್ನು ಮಿಸ್ತ್ರಿಗೇ ಬಿಡಿ.

ಬಿಚ್ಚಿದ ಮೇಲೆ ಒಳಗಿನ ಕಪ್ಪು ಧೂಳನ್ನು ಉಫ್ ಅಂತ ಊದಬೇಡಿ, ಗಾಳಿ ಪೈಪನ್ನೂ ಹಿಡಿಯಬೇಡಿ. ಹಳೇ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮೊದಲು ನೀರು ಚಿಮುಕಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ.

ಈಗ ಶೂ ನೋಡಿ. ಲೈನಿಂಗ್ ಸವೆದು ರಿವೆಟ್ಟಿನ ತಲೆ ಹತ್ತಿರ ಬಂದಿದ್ದರೆ ಅದರ ಕೆಲಸ ಮುಗಿಯಿತು. ಬಿಟ್ಟರೆ ರಿವೆಟ್ಟೇ ಡ್ರಮ್ಮನ್ನು ಕೆರೆಯುತ್ತದೆ. ಆದರೆ ನನ್ನ ಮಟ್ಟಿಗೆ ದಪ್ಪಕ್ಕಿಂತ ಮುಖ್ಯ ಹಸಿ. ಲೈನಿಂಗ್ ಜಿಡ್ಡಾಗಿದೆಯಾ? ಬೆರಳಿಗೆ ಹಚ್ಚಿ ನೋಡಿ. ತೆಳ್ಳಗೆ ಇದ್ದರೆ ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಸೋರುತ್ತಿದೆ. ಮಂದವಾಗಿ, ಗಂಧಕದ ಘಾಟು ಬಂದರೆ ಗೇರ್ ಆಯಿಲ್, ಆಕ್ಸಲ್ ಸೀಲ್ ಹೋಗಿದೆ. ಈ ಸೋರಿಕೆ ನಿಲ್ಲಿಸದೆ ಹೊಸ ಶೂ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಪಾಲಿಶ್ ಪೇಪರ್ ಉಜ್ಜಿ ಮತ್ತೆ ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಬದಲಿಸುವಾಗ ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ತಲೆ ಕೆಟ್ಟಾಗ ಆ ಬದಿ ನೋಡಿಕೊಳ್ಳಬಹುದು, ಅಲ್ವಾ? ಮೊಬೈಲಿನಲ್ಲಿ ಫೋಟೋ ಕೂಡ ಹೊಡೆದಿಟ್ಟುಕೊಳ್ಳಿ. ಎರಡು ಶೂಗಳ ಲೈನಿಂಗ್ ಉದ್ದ ಬೇರೆ ಬೇರೆ ಇದ್ದರೆ ಅದಲು ಬದಲು ಆಗಬಾರದು. ಆದರೆ ಒಂದೇ ಗಾಲಿಗೆ ಹೊಸದು ಹಾಕಿ ಸುಮ್ಮನಾಗಬೇಡಿ. ಆ ಆಕ್ಸಲಿನ ಎರಡೂ ಗಾಲಿಗೆ ಹಾಕಿ. ಹಳೇ ಶೂ ಗಟ್ಟಿ ಇದ್ದರೆ ಹೊಸ ಲೈನಿಂಗ್ ರಿವೆಟ್ ಹೊಡೆಸಬಹುದು, ಹುಬ್ಬಳ್ಳಿಯಲ್ಲಿ ಆ ಕೆಲಸದವರು ಸಿಗುತ್ತಾರೆ. ಡ್ರಮ್ಮಿನಲ್ಲಿ ಗೆರೆ ಇದ್ದರೆ ಲೇತ್ ಹೊಡೆಸಿ, ಆದರೆ ಅಳತೆ ಮೀರಿ ಬೇಡ. ತೆಳುವಾದ ಡ್ರಮ್ ಘಟ್ಟದಲ್ಲಿ ಬೇಗ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರು ಕಡಿಮೆ ಗೇರಿನಲ್ಲೇ ಇಳಿಯಬೇಕು ಎನ್ನುವುದು ಇದಕ್ಕೇ.

ಬ್ರೇಕ್ ಆಯಿಲ್ ವಿಷಯ. ಇದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹಾಗಾಗಿ 2 ವರ್ಷಕ್ಕೊಮ್ಮೆ ಬದಲಿಸಿ. ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿದರೆ ರಬ್ಬರ್ ವಾಷರ್‌ಗಳೆಲ್ಲ ಉಬ್ಬಿ ಹಾಳಾಗುತ್ತವೆ. ಕೆಲವು ಹಳೇ ಜೀಪಿನಲ್ಲಿ ಆಯಿಲ್ ಹಾಕುವ ಬಾಯಿ ಕಾಲಡಿಯ ತಗಡಿನ ಕೆಳಗಿರುತ್ತದೆ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಮಣ್ಣು ಒರೆಸಿ. ಪೈಪಿನಲ್ಲಿ ಸಿಕ್ಕ ಏರ್ ತೆಗೆಯುವಾಗ, ಪೆಡಲ್ ಒತ್ತಿದರೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರು ಮಾಡಿ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಜೀಪಿನಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡಗಾಲಿ.

ಕೊನೆಗೆ ಅಡ್ಜಸ್ಟ್‌ಮೆಂಟ್. ಗಾಲಿ ಕೈಯಿಂದ ತಿರುಗಿಸುತ್ತಾ, ಶೂ ತಾಗುವವರೆಗೆ ಬಿಗಿ ಮಾಡಿ, ಆಮೇಲೆ ಸಲೀಸಾಗಿ ತಿರುಗುವಷ್ಟು ಸಡಿಲಿಸಿ. ಮೊದಲು ಖಾಲಿ ಬಯಲಿನಲ್ಲಿ ನಿಧಾನ ಓಡಿಸಿ, ನಾಲ್ಕಾರು ಸಲ ಬ್ರೇಕ್ ಹಾಕಿ ನೋಡಿ. ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಅಲ್ಲಿಯವರೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಡಬೇಡಿ. ಕೆಲವು ದಿನ ಓಡಿಸಿದ ಮೇಲೆ ಪೆಡಲ್ ಸ್ವಲ್ಪ ಕೆಳಗೆ ಇಳಿದಿರುತ್ತದೆ, ಆಗ ಇನ್ನೊಮ್ಮೆ ಬಿಗಿ ಮಾಡಿ. ಗಾಲಿಯ ನಟ್ಟುಗಳನ್ನೂ ಅವತ್ತೇ ನೋಡಿಬಿಡಿ.

ನಮಸ್ಕಾರ.